ನಿಷೇಧ ಇರಲಿ, ಆದರೆ ಮಾರುವವರನ್ನು ಹಿಡಿಯಿರಿ

"ನಿಷೇಧ ಮಾಡಿ ಏನ್ ಬಂತು? ಹೆಂಗಿದ್ರೂ ಸಿಗುತ್ತೆ. ಲೈಸೆನ್ಸ್ ಕೊಟ್ಟು ಟ್ಯಾಕ್ಸ್ ಹಾಕಿದ್ರೆ ಸರ್ಕಾರಕ್ಕಾದ್ರೂ ದುಡ್ಡು ಬರುತ್ತೆ." ವೇಪ್, ಅಂದರೆ ನಿಕೋಟಿನ್ ದ್ರವವನ್ನು ಬ್ಯಾಟರಿಯಿಂದ ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟ್, ಅದರ ಬಗ್ಗೆ ಮಾತು ಬಂದಾಗೆಲ್ಲ ಈ ವಾದ ಕೇಳುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನೂ ಹಬ್ಬಕ್ಕೆ ಬಂದಾಗ ಇದನ್ನೇ ಹೇಳಿದ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿ.

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವನು. ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನಲ್ಲಿ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ಹಾಗಾಗಿ ನಿಕೋಟಿನ್, ತಂಬಾಕಿನಲ್ಲಿ ಚಟ ಹತ್ತಿಸುವ ಆ ವಸ್ತು, ನನಗೆ ಪುಸ್ತಕದಲ್ಲಿ ಮಾತ್ರ ಕಂಡ ವಸ್ತು ಅಲ್ಲ.

ಮೊದಲು ಕಾನೂನಿನ ವಿಷಯ ಮುಗಿಸಿಬಿಡುತ್ತೇನೆ. ಕರ್ನಾಟಕ ಇ-ಸಿಗರೇಟ್ ಮಾರಾಟ ನಿಷೇಧಿಸಿದ್ದು 2016ರಲ್ಲೇ. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದಿತು, ಡಿಸೆಂಬರ್‌ನಲ್ಲಿ ಅದೇ ಕಾಯ್ದೆ ಆಯಿತು. ತಯಾರಿಸುವುದು, ಹೊರಗಿನಿಂದ ತರಿಸುವುದು, ಸಾಗಿಸುವುದು, ಮಾರುವುದು, ದಾಸ್ತಾನು ಇಡುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಂದು ವಿಷಯ ಗಮನಿಸಿ, ಸೇದುವವನಿಗೆ ಇಷ್ಟು ಶಿಕ್ಷೆ ಅಂತ ಈ ಕಾಯ್ದೆಯಲ್ಲಿ ಪ್ರತ್ಯೇಕ ಕಲಂ ಇಲ್ಲ. ಇದು ಪೂರ್ತಿ ವ್ಯಾಪಾರದ ಮೇಲೆ ಗುರಿ ಇಟ್ಟ ಕಾನೂನು.

ಆದರೆ ನಮ್ಮಲ್ಲಿ ಸಿಕ್ಕಿಬೀಳುತ್ತಿರುವುದು ಯಾರು? ಹದಿನೇಳು ವರ್ಷದ ಹುಡುಗರು.

ಕಳೆದ ವರ್ಷ ಪರಿಚಯದ ವಾರ್ಡನ್ ಒಬ್ಬರು ಹುಡುಗನ ಬ್ಯಾಗಿನಲ್ಲಿ ಸಿಕ್ಕಿದ್ದು ಅಂತ ಒಂದು ವೇಪ್ ತಂದು ತೋರಿಸಿದರು. ಹೈಲೈಟರ್ ಪೆನ್ನಿನಷ್ಟು ದಪ್ಪ, ತಿಳಿ ಹಸಿರು ಬಣ್ಣ, ತಳದಲ್ಲಿ ಫೋನಿಗೆ ಇರುವಂಥದ್ದೇ ಚಾರ್ಜಿಂಗ್ ತೂತು. ಡೆಸ್ಕಿನ ಮೇಲೆ ಇಟ್ಟರೆ ಯಾವ ಮೇಷ್ಟ್ರಿಗೂ ಅನುಮಾನ ಬರುವುದಿಲ್ಲ. ಮೂಗಿನ ಹತ್ತಿರ ತಂದರೆ ಕಲ್ಲಂಗಡಿ ಹಣ್ಣಿನ ವಾಸನೆ. ಮೈಮೇಲೆ 5% ಅಂತ ಅಚ್ಚಾಗಿತ್ತು. "ಇದ್ರಲ್ಲಿ ತಂಬಾಕೇ ಇಲ್ಲ ಸಾರ್, ಬರೀ ಫ್ಲೇವರ್. ನಿಕೋಟಿನ್ ಇದ್ರೂ ಐದೇ ಪರ್ಸೆಂಟ್" ಅಂದ ಆ ಹುಡುಗ. ಎಲ್ಲಿಂದ ತಂದೆ ಅಂದರೆ, "ಇನ್‌ಸ್ಟಾದಲ್ಲಿ ಮೆಸೇಜ್ ಮಾಡಿದ್ರೆ ಕೊರಿಯರ್ ಬರುತ್ತೆ ಸಾರ್."

ಐದೇ ಪರ್ಸೆಂಟ್ ಅಂದರೆ ಕಮ್ಮಿ ಅಲ್ಲಪ್ಪಾ ಅದು. ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು 50 ಮಿಲಿಗ್ರಾಂ ನಿಕೋಟಿನ್. ಯುರೋಪಿನಲ್ಲಿ ಮಾರಾಟಕ್ಕೆ ಅನುಮತಿ ಇರುವಲ್ಲಿಯೂ ಮಿತಿ ಇರುವುದು 20 ಮಿಲಿಗ್ರಾಂ. ಅದರ ಮೇಲೆ ಇನ್ನೊಂದು ಚಮತ್ಕಾರ ಇದೆ. ಬರೀ ನಿಕೋಟಿನ್ ಗಂಟಲಿಗೆ ಕಟುವಾಗಿ ಹೊಡೆಯುತ್ತದೆ. ಬೆಂಜೋಯಿಕ್ ಆಮ್ಲದಂಥ ಆಮ್ಲ ಸೇರಿಸಿ ಲವಣ ಮಾಡಿದರೆ ಆ ಕಟು ಕಡಿಮೆಯಾಗುತ್ತದೆ. ಮೊದಲ ಬೀಡಿಗೋ ಸಿಗರೇಟಿಗೋ ಕೆಮ್ಮಿ ಕಣ್ಣಲ್ಲಿ ನೀರು ಬಂದು ಅಲ್ಲಿಗೇ ಬಿಟ್ಟ ಎಷ್ಟೋ ಜನ ನಮ್ಮ ನಡುವೆ ಇದ್ದಾರೆ, ಅಲ್ವಾ? ಇದರಲ್ಲಿ ಆ ಕೆಮ್ಮು ಕಾಪಾಡುವುದಿಲ್ಲ. ಎಷ್ಟು ಒಳಗೆ ಹೋಯಿತು ಅಂತ ಮಗುವಿಗೆ ಗೊತ್ತೇ ಆಗುವುದಿಲ್ಲ.

ನಿಕೋಟಿನ್ ಏನು ಮಾಡುತ್ತದೆ ಅನ್ನುವುದನ್ನು ನಾನು ಮೊದಲು ನೋಡಿದ್ದು ನಮ್ಮ ಹೊಲದಲ್ಲಿ. ನಮ್ಮ ಕಡೆ ಸೊಪ್ಪು ಮುರಿಯುವುದು ಮಳೆಗಾಲದಲ್ಲಿ. ನೆನೆದ ಎಲೆಯನ್ನು ತಬ್ಬಿಕೊಂಡು ಸಾಲಿನಿಂದ ಹೊರಗೆ ತರಬೇಕು, ಬಟ್ಟೆಯೆಲ್ಲ ಒದ್ದೆ, ಕೈಗೆ ಕರಿ ಅಂಟು. ಮಧ್ಯಾಹ್ನದ ಹೊತ್ತಿಗೆ ಅಮ್ಮ ಬದುವಿನ ಮೇಲೆ ಕೂತು ವಾಂತಿ ಮಾಡುತ್ತಿದ್ದಳು. ತಲೆಸುತ್ತು, ಊಟ ಸೇರುತ್ತಿರಲಿಲ್ಲ. ಪಿತ್ತ ಅಂತ ಎಲ್ಲರೂ ನಿಂಬೆಹಣ್ಣು ಕೊಡುತ್ತಿದ್ದರು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ, ಅದು ಹೊಗೆಸೊಪ್ಪಿನ ಕೂಲಿಯವರಿಗೆ ಬರುವ ಕಾಯಿಲೆ ಅಂತ ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಂದು ದಿನವೂ ಬೀಡಿ ಮುಟ್ಟದ ಹೆಂಗಸು ಆಕೆ.

ಈಗ ತಮ್ಮನ ಇನ್ನೊಂದು ಪ್ರಶ್ನೆ. "ಸಿಗರೇಟ್ ಬಿಟ್ಟು ಇದನ್ನ ಮಾತ್ರ ಯಾಕೆ ನಿಷೇಧಿಸಿದ್ರು?" ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ರಾಮನಾಥಪುರದಲ್ಲೇ ಇದೆ. ಅಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಬೆಳೆಯಲು ಲೈಸೆನ್ಸ್ ಬೇಕು, ಇಷ್ಟೇ ಬೆಳೆಯಬೇಕು ಅಂತ ಮಿತಿ ಇದೆ, ಎಲೆ ಹದ ಮಾಡಲು ಬ್ಯಾರನ್ (ಬಿಸಿ ಕೊಟ್ಟು ಒಣಗಿಸುವ ಮನೆ) ಬೇಕು, ಬ್ಯಾರನ್‌ಗೆ ಸೌದೆ ಬೇಕು, ಅದಕ್ಕೆಲ್ಲ ಸಾಲ ಬೇಕು. ಅಪ್ಪನಿಗೆ ಬಿಡುವ ಮನಸ್ಸು ಬಹಳ ಸಲ ಬಂದಿತ್ತು. ಬೇಲು ಬಂಡಿಗೆ ಹೇರುವಾಗೆಲ್ಲ "ಬರೋ ವರ್ಷ ಜೋಳ ಹಾಕೋಣ" ಅನ್ನುತ್ತಿದ್ದರು. ಸಾಲ ತೀರಿಸಬೇಕಿತ್ತು, ಆ ದುಡ್ಡು ಬೇರೆ ಬೆಳೆಯಲ್ಲಿ ಬರುತ್ತಿರಲಿಲ್ಲ. ಹಾಗೆ ವರ್ಷ ವರ್ಷ ಮುಂದೆ ಹೋಯಿತು. ರೈತ, ಕೂಲಿ, ಬೀಡಿ ಕಟ್ಟುವವರು, ಪೆಟ್ಟಿಗೆ ಅಂಗಡಿ, ಕಂಪನಿ, ಸರ್ಕಾರದ ತೆರಿಗೆ, ಇಷ್ಟು ಜನರ ಹೊಟ್ಟೆಪಾಡು ಒಂದು ವಸ್ತುವಿಗೆ ಅಂಟಿಕೊಂಡ ಮೇಲೆ ಅದನ್ನು ಕೀಳುವ ಧೈರ್ಯ ಯಾವ ಪಕ್ಷಕ್ಕೂ ಬರುವುದಿಲ್ಲ.

ವೇಪ್ ವಿಷಯದಲ್ಲಿ 2019ರಲ್ಲಿ ಆ ಸ್ಥಿತಿ ಇರಲಿಲ್ಲ. ಇಲ್ಲಿ ಹೇಳಿಕೊಳ್ಳುವಂಥ ಕಾರ್ಖಾನೆ ಇರಲಿಲ್ಲ, ವೇಪ್ ಮಾಡುವ ಅಮೆರಿಕದ ಜೂಲ್ ಕಂಪನಿ ಭಾರತಕ್ಕೆ ಬರುವ ತಯಾರಿಯಲ್ಲಿತ್ತು ಅಷ್ಟೆ. ಅದಕ್ಕೇ ನಾನು ಈ ನಿಷೇಧದ ಪರ. ಬೇರು ಬಿಡುವ ಮೊದಲೇ ತಡೆದರು. ತಡೆಯದಿದ್ದರೆ ಏನಾಗುತ್ತದೆ ಅಂತ ಅಮೆರಿಕ ನೋಡಿ. ಅಲ್ಲಿ 2019ರ ಸಮೀಕ್ಷೆಯಲ್ಲಿ ಹೈಸ್ಕೂಲ್ ಮಕ್ಕಳಲ್ಲಿ 27.5% ಇ-ಸಿಗರೇಟ್ ಬಳಸುತ್ತಿದ್ದರು. ಪೂರ್ತಿ ನಿಷೇಧಿಸದ ದೇಶಗಳೂ ಈಗ ಹಗ್ಗ ಬಿಗಿ ಮಾಡುತ್ತಿವೆ. ಆಸ್ಟ್ರೇಲಿಯಾ 2024ರ ಜುಲೈನಿಂದ ಔಷಧಿ ಅಂಗಡಿ ಬಿಟ್ಟು ಬೇರೆಲ್ಲೂ ಮಾರುವಂತಿಲ್ಲ ಅಂದಿತು. ಬ್ರಿಟನ್ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್‌ಗಳನ್ನು ನಿಲ್ಲಿಸಿತು.

ಸಿಗರೇಟು ಬಿಡಲು ಇದು ಸಹಾಯ ಮಾಡುತ್ತದೆ ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಿಂತ ಇದರಿಂದ ಬಿಟ್ಟವರು ಜಾಸ್ತಿ ಅಂತ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಹೇಳುತ್ತದೆ. ಬ್ರಿಟನ್ ದೊಡ್ಡವರಿಗೆ ಅದನ್ನೇ ಸಲಹೆ ಮಾಡುತ್ತದೆ. ಆದರೆ ನಮ್ಮ ಕಾಯ್ದೆಯಲ್ಲೇ ಅದಕ್ಕೆ ಒಂದು ಬಾಗಿಲು ತೆರೆದಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಔಷಧ ಕಾಯ್ದೆ ಅಡಿ ಲೈಸೆನ್ಸ್ ಪಡೆದ ಉತ್ಪನ್ನ ಈ ನಿಷೇಧದೊಳಗೆ ಬರುವುದಿಲ್ಲ. ನಿಜವಾಗಿ ಚಟ ಬಿಡಿಸುವ ಉದ್ದೇಶ ಇರುವ ಕಂಪನಿ ಆ ದಾರಿಯಲ್ಲಿ ಬರಲಿ, ಪರೀಕ್ಷೆ ಎದುರಿಸಲಿ. ಕಲ್ಲಂಗಡಿ, ಮಾವು ಅಂತ ಬರುವುದು ಬೇಡ.

ಲೈಸೆನ್ಸ್ ಕೊಟ್ಟು ನಿಯಂತ್ರಿಸೋಣ ಅನ್ನುವವರಿಗೆ ನನ್ನ ಪ್ರಶ್ನೆ ಒಂದೇ. ಶಾಲೆ ಕಾಲೇಜಿನ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾಯ್ದೆ ಹೇಳುತ್ತದೆ. ನಿಮ್ಮ ಮಗನ ಕಾಲೇಜ್ ಗೇಟಿನ ಎದುರು ನಿಂತು ನೋಡಿ, ಅಂಗಡಿ ಎಷ್ಟು ಹೆಜ್ಜೆ ದೂರ ಇದೆ? ಕರ್ನಾಟಕದಲ್ಲಿ ಈಗ ತಂಬಾಕು ಕೊಳ್ಳುವ ವಯಸ್ಸು 21ಕ್ಕೆ ಏರಿದೆ. ಯಾವ ಅಂಗಡಿಯವರು ಆಧಾರ್ ಕೇಳುತ್ತಾರೆ? ಈ ಆಡಳಿತ ವೇಪ್ ಅಂಗಡಿಯನ್ನು ನಿಯಂತ್ರಿಸುತ್ತದೆ ಅಂತ ನಂಬಿ ನಾನು ನನ್ನ ವಿದ್ಯಾರ್ಥಿಗಳನ್ನು ಒಪ್ಪಿಸಲಾರೆ.

ಹಾಗಂತ ಈಗಿನ ಜಾರಿ ಸರಿ ಇದೆ ಅಂತಲೂ ಅಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೇ. ಈ ಮಾಲು ಹಾಸನದಲ್ಲಿ ತಯಾರಾಗುವುದಿಲ್ಲ. ಬಹುಪಾಲು ಚೀನಾದಿಂದ ಹೊರಟು, ಹಡಗಿನ ಬಂದರು ಅಥವಾ ವಿಮಾನ ನಿಲ್ದಾಣ ದಾಟಿ, ಗೋದಾಮು ಸೇರಿ, ಕೊರಿಯರ್ ಹತ್ತಿ ಬರುತ್ತದೆ. ಚಿಕ್ಕಮಗಳೂರಿಗೆ ವಾರಾಂತ್ಯದಲ್ಲಿ ಬರುವವರ ಜೇಬಿನಲ್ಲಿ ಬರುತ್ತದೆ, ಹೋಂಸ್ಟೇ ಹುಡುಗರಿಗೆ ಅಲ್ಲಿಂದಲೇ ರುಚಿ ಹತ್ತುತ್ತದೆ. ಮುಳ್ಳಯ್ಯನಗಿರಿ ದಾರಿಯಲ್ಲಿ ಬಿಸ್ಕತ್ ಕವರ್ ಜೊತೆ ವೇಪ್ ಬ್ಯಾಟರಿ ಸಮೇತ ಬಿದ್ದಿರುವುದನ್ನು ನಾನೇ ನೋಡಿದ್ದೇನೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಯಿಂದ ಮೇಲಿನ ಪೊಲೀಸ್ ಅಧಿಕಾರಿಗೆ ಈ ಕಾಯ್ದೆ ಅಡಿ ತಪಾಸಣೆ ಮಾಡುವ ಅಧಿಕಾರ ಇದೆ. ಆ ಅಧಿಕಾರ ಕೊರಿಯರ್ ಗೋದಾಮಿನಲ್ಲಿ, ಇನ್‌ಸ್ಟಾಗ್ರಾಂ ಖಾತೆಗಳ ಮೇಲೆ ಬಳಕೆಯಾಗಲಿ. ವಿದ್ಯಾರ್ಥಿಯ ಬ್ಯಾಗ್ ಸುರುವಿ, ಟಿಸಿ ಕೊಟ್ಟು ಕಳಿಸಿ, ಕೆಲಸ ಮುಗಿಯಿತು ಅಂದುಕೊಳ್ಳುವುದು ಬೇಡ. ಮೇಲೆ ಹೇಳಿದ ಹುಡುಗನಿಗೆ ಆಗಿದ್ದು ಅದೇ. ಅವನಿಗೆ ಮಾರಿದವನನ್ನು ಯಾರೂ ಹುಡುಕಲಿಲ್ಲ, ಆ ಖಾತೆಯ ಹೆಸರು ಹುಡುಗನ ಫೋನಿನಲ್ಲೇ ಇತ್ತು.

ನಿಮ್ಮ ಮನೆಯಲ್ಲಿ ಇಂಥದ್ದು ಸಿಕ್ಕಿದರೆ ಹೊಡೆಯಬೇಡಿ. ಎಲ್ಲಿಂದ ಬಂತು ಅಂತ ಸಮಾಧಾನವಾಗಿ ಕೇಳಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮಾರಿದವರ ಮೇಲೆ ಠಾಣೆಯಲ್ಲಿ ದೂರು ಕೊಡಿ. ದೂರು ಬರೆಯಲು ಸಹಾಯ ಬೇಕಿದ್ದರೆ ನನಗೆ ಮೆಸೇಜ್ ಮಾಡಿ, ಕೂತು ಬರೆದುಕೊಡುತ್ತೇನೆ. ಬಿಡಬೇಕು ಅನ್ನುವವರಿಗೆ, ಮಕ್ಕಳಾಗಲಿ ದೊಡ್ಡವರಾಗಲಿ, 1800-11-2356 ಅಂತ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಇದೆ. ಕರೆಗೆ ದುಡ್ಡಿಲ್ಲ.