ಸತ್ಯಾಂಶ: ಲ್ಯಾಬ್‌ನಲ್ಲಿ 'ಹಂದಿ-ಮನುಷ್ಯ' ಹುಟ್ಟಿಲ್ಲ

ಕಳೆದ ವಾರ ಮಂಡ್ಯದಿಂದ ಚಿಕ್ಕಮ್ಮ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಹಂದಿಯಂಥ ಮೂತಿ, ಜೋಲು ಕಿವಿ. ಆದರೆ ಚರ್ಮ, ಕಣ್ಣು ಮನುಷ್ಯರವೇ. ಮಗ್ಗುಲಾಗಿ ಮಲಗಿ ಮರಿಗಳಿಗೆ ಹಾಲುಣಿಸುತ್ತಿದೆ. ಕೆಳಗೆ, 'ವಿದೇಶದ ಲ್ಯಾಬ್‌ನಲ್ಲಿ ಹುಟ್ಟಿದ ಹಂದಿ-ಮನುಷ್ಯ' ಅಂತ ಬರೆದಿತ್ತು. ಚಿಕ್ಕಮ್ಮ ನಿಜಕ್ಕೂ ಹೆದರಿದ್ದರು.

ಅದು ಜೀವವಲ್ಲ, ಶಿಲ್ಪ. ಆಸ್ಟ್ರೇಲಿಯಾದ ಕಲಾವಿದೆ ಪೆಟ್ರಿಸಿಯಾ ಪಿಚಿನಿನಿ 2002ರಲ್ಲಿ ಮಾಡಿದ 'ದಿ ಯಂಗ್ ಫ್ಯಾಮಿಲಿ'. ಮರುವರ್ಷ ಇಟಲಿಯ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾಮೇಳದಲ್ಲಿ ಪ್ರದರ್ಶನವಾಯಿತು. ಮೈ ಸಿಲಿಕೋನ್ ಮತ್ತು ಫೈಬರ್‌ಗ್ಲಾಸ್‌ನದು. ಕೂದಲು ಮಾತ್ರ ನಿಜವಾಗಿ ಮನುಷ್ಯರದ್ದು. ಅಚ್ಚು ತೆಗೆದು ಎರಕ ಹೊಯ್ಯುವ ಕೆಲಸ ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಶಿಲ್ಪ ಕಲಿಯುವವರಿಗೆ ಹೊಸದಲ್ಲ. ಇಲ್ಲಿ ಬೆರಗಾಗುವುದು ಆ ಚರ್ಮದ ಸುಕ್ಕು, ಮಚ್ಚೆ ನೋಡಿ. ಉಸಿರಾಡುತ್ತಿದೆ ಅನ್ನಿಸುತ್ತದೆ, ಅಲ್ವಾ?

ಹಂದಿಯೇ ಯಾಕೆ? ಹಂದಿಯ ಅಂಗಗಳು ಗಾತ್ರದಲ್ಲಿ ನಮ್ಮ ಅಂಗಗಳಿಗೆ ಹತ್ತಿರ. ಹಾಗಾಗಿ ಅವನ್ನು ಮನುಷ್ಯರಿಗೆ ಕಸಿ ಮಾಡುವ ಪ್ರಯತ್ನ ಬಹಳ ವರ್ಷಗಳಿಂದ ನಡೆದಿದೆ. ನಮಗಾಗಿ ಬೆಳೆಸುವ ಆ ಪ್ರಾಣಿಯೂ ಒಬ್ಬ ತಾಯಿಯಾದರೆ ಹೇಗಿರುತ್ತದೆ? ಶಿಲ್ಪ ನಮ್ಮ ಮುಂದೆ ಇಡುವುದು ಈ ಪ್ರಶ್ನೆಯನ್ನು. ಹೆದರಿಸಲು ಮಾಡಿದ್ದಲ್ಲ.

ವಿಜ್ಞಾನದಲ್ಲಿ ನಿಜವಾಗಿ ನಡೆದದ್ದು ಬೇರೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, 10 ಜೀನ್ ಬದಲಾವಣೆ ಮಾಡಿದ ಹಂದಿಯ ಹೃದಯವನ್ನು ಒಬ್ಬ ರೋಗಿಗೆ ಜೋಡಿಸಿದರು. ಅವರು ಸುಮಾರು ಎರಡು ತಿಂಗಳು ಬದುಕಿದ್ದರು. ಅಂಥ ಹಂದಿ ನೋಡಲು ಹಂದಿಯೇ. ಮನುಷ್ಯರ ಮುಖ ಅದಕ್ಕೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಚಿಕ್ಕಮ್ಮ ಆ ಫೋಟೊವನ್ನು ಮತ್ತೆ ನೋಡಿದರು. "ಪಾಪ ಕಣ್ಲಾ, ಬಾಣಂತಿ ಹಂಗೇ ಸುಸ್ತಾಗವ್ಳೆ" ಅಂದರು.