ಉಪಗ್ರಹ ಮೇಲಿದೆ, ಫೋನ್ ಎಲ್ಲಿ?

ಫೋನ್ ಸೇವೆಯ ಉಪಗ್ರಹ ಹೊತ್ತ ರಾಕೆಟ್ ಹಾರಿದ ದಿನ ಎಲ್ಲರೂ ವಿಡಿಯೊ ಶೇರ್ ಮಾಡುತ್ತಾರೆ. ‘ಇನ್ನು ಟವರೇ ಬೇಡ, ಆಕಾಶದಿಂದಲೇ ಮಾತು’ ಅಂತ ಸಂಭ್ರಮ. ಖಾನಾಪುರ ಕಾಡಿನ ಊರುಗಳ ನಂಟು ಇರುವ ನನಗೆ ಮಾತ್ರ ಒಂದೇ ಪ್ರಶ್ನೆ. ಉಪಗ್ರಹದ ಮೂಲಕ ಮಾತಾಡುವ ಆ ಫೋನ್ ಅಂಗಡಿಗೆ ಯಾವಾಗ ಬರುತ್ತದೆ?

ಈ ಧಂದೆಯಲ್ಲಿ ಫೋನ್ ಹಲವು ಸಲ ಹಿಂದೆ ಬೀಳುತ್ತದೆ. ಉಪಗ್ರಹ ಫೋನ್ ಸೇವೆಯ ಕಂಪನಿ ಇರಿಡಿಯಂ ಕಥೆ ನೋಡಿ. 780 ಕಿ.ಮೀ. ಎತ್ತರದಲ್ಲಿ 66 ಉಪಗ್ರಹಗಳ ಜಾಲ. 1998ರ ಸೆಪ್ಟೆಂಬರ್‌ಗೆ ಶುರು ಎಂದವರು ನವೆಂಬರ್ 1ಕ್ಕೆ ಮುಂದೂಡಿದರು. ಆಗಲೂ ಹ್ಯಾಂಡ್‌ಸೆಟ್ ಸಾಕಷ್ಟು ಇರಲಿಲ್ಲ. ತಯಾರಿಸುತ್ತಿದ್ದ ಎರಡು ಕಂಪನಿಗಳಲ್ಲಿ ಕ್ಯೋಸೆರಾದ ಫೋನ್ ತಡವಾಯಿತು. ಮೊಟೊರೊಲಾದ್ದು ಇಟ್ಟಂಗಿಯಂತೆ ದಪ್ಪ, ಬೆಲೆ ಸುಮಾರು 3000 ಡಾಲರ್! 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ.

ಹಳೇ ಮಾತಾಯ್ತು ಅಂತೀರಾ? 2023ರ ಜನವರಿಯಲ್ಲಿ ಫೋನಿನ ಚಿಪ್ ಮಾಡುವ ಕ್ವಾಲ್‌ಕಾಮ್, ದಿವಾಳಿಯಿಂದ ಎದ್ದು ಬಂದ ಅದೇ ಇರಿಡಿಯಂ ಜೊತೆ ಸೇರಿ, ಮಾಮೂಲಿ ಆಂಡ್ರಾಯ್ಡ್ ಫೋನಿನಿಂದಲೇ ಉಪಗ್ರಹಕ್ಕೆ ಮೆಸೇಜ್ ಕಳಿಸಬಹುದು ಎಂದಿತು. ಕೆಲಸ ಮಾಡುತ್ತದೆ ಅಂತ ತೋರಿಸಿಯೂ ಆಯಿತು. ಆದರೆ ಫೋನ್ ಕಂಪನಿಗಳು ಅದನ್ನು ತಮ್ಮ ಸೆಟ್‌ಗೆ ಹಾಕಲೇ ಇಲ್ಲ. ಅದೇ ನವೆಂಬರ್‌ನಲ್ಲಿ ಒಪ್ಪಂದ ಮುಗಿಸುವ ಘೋಷಣೆ ಬಂತು.

ನಮ್ಮಲ್ಲಿ ಇದರ ಮೇಲೆ ಕಾನೂನಿನ ಬೀಗ ಬೇರೆ. ಪರವಾನಗಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೆ ಕೇಸು. ಕಾರಣ ಇದೆ, ಸುಮ್ನೆ ಬೈಯಲಾರೆ. 2008ರ ಮುಂಬೈ ದಾಳಿಕೋರರ ಹತ್ತಿರವೂ ಇಂಥ ಫೋನ್ ಇತ್ತು. 2017ರಿಂದ ಬಿಎಸ್‌ಎನ್‌ಎಲ್ ಇನ್‌ಮಾರ್‌ಸ್ಯಾಟ್ ಎಂಬ ಉಪಗ್ರಹ ಕಂಪನಿಯ ಮೂಲಕ ಈ ಸೇವೆ ಕೊಡುತ್ತಿದೆ, ಆದರೆ ಹೆಚ್ಚಾಗಿ ಸರ್ಕಾರಿ ಇಲಾಖೆಗಳಿಗೆ.

ಅಂದಮೇಲೆ ನನ್ನ ವಾದ ಇಷ್ಟೇ. ಎಲ್ಲರ ಜೇಬಿಗೂ ಬರಲಿ ಅಂತ ಕಾಯಬೇಡಿ. ಈಗ ಇರುವ ದಪ್ಪ ಫೋನನ್ನೇ ಖಾನಾಪುರದ ಭೀಮಗಡ ಕಾಡಿನ ಊರಿಗೊಂದು ಕೊಡಿ. ಮಳೆಗಾಲದಲ್ಲಿ ಹಳ್ಳ ಬಂದರೆ ಅಲ್ಲಿ ದಾರಿಯೂ ಇಲ್ಲ, ರೇಂಜೂ ಇಲ್ಲ. ಹೆರಿಗೆ ನೋವು ಶುರುವಾದರೆ ಒಬ್ಬ ಹುಡುಗ ಫೋನ್ ಹಿಡಿದು ದಿನ್ನೆ ಹತ್ತುತ್ತಾನೆ. ನಮ್ಮ ಮಾವನನ್ನು ಕೇಳಿದರೆ, ‘ಆ ಮಾವಿನ ಗಿಡದ ಬುಡಕ್ಕ ನಿಂತ್ರ ಒಂದ್ ಕಡ್ಡಿ ಬರ್ತೈತಿ ನೋಡಪಾ, ಗಾಳಿ ಬಿಟ್ರ ಅದೂ ಹೋಕ್ಕೈತಿ’ ಅಂತಾರೆ. 2019ರ ಆಗಸ್ಟ್ ಪ್ರವಾಹದಲ್ಲಿ ಘಟಪ್ರಭಾ, ಕೃಷ್ಣೆಯ ದಂಡೆಯ ಊರುಗಳ ಪಾಡೂ ಇದೇ. ಕರೆಂಟ್ ಹೋಯಿತು, ಟವರ್ ಬ್ಯಾಟರಿ ಇಳಿಯಿತು, ಎಲ್ಲ ಫೋನೂ ಸ್ತಬ್ಧ.

ಸ್ಯಾಟಲೈಟ್ ಫೋನಿಗೂ ಅದರದೇ ಕಿರಿಕಿರಿ ಇದೆ. ಮನೆಯೊಳಗೆ, ದಟ್ಟ ಮರದ ಕೆಳಗೆ ಹಿಡಿಯೋದಿಲ್ಲ. ಆಂಟೆನಾ ಎತ್ತಿ, ಬಯಲಿಗೆ ಬಂದು, ಮಳೆಯಲ್ಲೇ ನಿಲ್ಲಬೇಕು. ನಿಲ್ಲೋಣ ಬಿಡಿ. ದಿನ್ನೆ ಹತ್ತೋದಕ್ಕಿಂತ ವಾಸಿ ಅಲ್ವಾ? ಕರೆ ದರ ಜಾಸ್ತಿ ನಿಜ, ಆದರೆ ಇದರಲ್ಲಿ ಯಾರೂ ಬೀಗರ ಸುದ್ದಿ ಮಾತಾಡುತ್ತ ಕೂಡೋದಿಲ್ಲ.

ಒಂದೇ ವಿನಂತಿ. ಕೊಡೋದಾದರೆ ಪಂಚಾಯಿತಿ ಕಪಾಟಿನಲ್ಲಿ ಇಡಬೇಡಿ. ಮಳೆ ಜೋರಾದ ದಿನ ಸಾಹೇಬರು ಊರಲ್ಲಿ ಇರೋದಿಲ್ಲ, ಕೀಲಿ ಅವರ ಜೇಬಿನಲ್ಲಿರುತ್ತದೆ. ಆಶಾ ಕಾರ್ಯಕರ್ತೆ ಅಕ್ಕನ ಮನೆಯಲ್ಲಿಡಿ. ಜೊತೆಗೊಂದು ಸೋಲಾರ್ ಚಾರ್ಜರ್ ಕೊಡಿ. ಮೇ ತಿಂಗಳಲ್ಲೇ ಒಮ್ಮೆ ಅಂಗಳದಲ್ಲಿ ನಿಂತು ಕರೆ ಮಾಡಿಸಿ ನೋಡಿ.