ಸೋಪು ಕೊಟ್ಟರು, ನೀರು ಎಲ್ಲಿ?

ಇವತ್ತು ಬೆಳಿಗ್ಗೆ ನೋಡಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಬರೆದುಬಿಡುತ್ತೇನೆ, ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ದಿನಾ ಬಸ್ ಹತ್ತುವ ಸ್ಟ್ಯಾಂಡಿನ ಹೊರಗೋಡೆಯ ಪಕ್ಕ ಏಳೆಂಟು ಜನ ಮಲಗುತ್ತಾರೆ. ಇವತ್ತು ಅಲ್ಲಿಗೆ ಒಂದು ತಂಡ ಬಂದಿತ್ತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈತುಂಬ ಚೀಲಗಳು. ಒಂದೊಂದು ಚೀಲದಲ್ಲೂ ಸೋಪು, ಪೇಸ್ಟು, ಬ್ರಷ್ಷು, ಒಂದು ಟವೆಲ್. ಒಳ್ಳೆಯ ಕೆಲಸವೇ, ಆ ಹುಡುಗರ ಮನಸ್ಸೂ ಒಳ್ಳೆಯದೇ. ಆದರೆ ಫೋಟೋ ಆಗುವವರೆಗೆ ಚೀಲವನ್ನು ಪೂರ್ತಿ ಕೈಬಿಡುತ್ತಿರಲಿಲ್ಲ. ನನ್ನ ಅಮ್ಮನ ವಯಸ್ಸಿನ ಒಬ್ಬರು ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. "ಅಮ್ಮಾ, ಸ್ವಲ್ಪ ಈ ಕಡೆ ನೋಡಿ" ಅಂದ ಒಬ್ಬ. ಅವರು ನೋಡಲಿಲ್ಲ. ಚೀಲದಿಂದ ಸೋಪು ತೆಗೆದು ಮೂಸಿದರು. ಆಮೇಲೆ ಕೇಳಿದರು, "ಚೆನ್ನಾಗಿದೆ ಮಗಾ. ನೀರೆಲ್ಲಿ?"

ಅವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಶೌಚಾಲಯ ಇದೆ, ಇಪ್ಪತ್ತು ಹೆಜ್ಜೆ ದೂರದಲ್ಲೇ. ಬಾಗಿಲಲ್ಲಿ ಕೂತವನಿಗೆ ಪ್ರತಿ ಸಲ ಕಾಸು ಕೊಡಬೇಕು. ರಾತ್ರಿ ಬೀಗ ಹಾಕುತ್ತಾರೆ. ಒಳಗೆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ: "ಇಲ್ಲಿ ಸ್ನಾನ ಮಾಡಬಾರದು, ಬಟ್ಟೆ ಒಗೆಯಬಾರದು." ಇಷ್ಟು ವರ್ಷ ಅದನ್ನು ನೂರು ಸಲ ಓದಿದ್ದೇನೆ. ಅದು ಯಾರಿಗಾಗಿ ಬರೆದದ್ದು ಅಂತ ಇವತ್ತು ತಲೆಗೆ ಹೊಳೆಯಿತು. ಮನೆಗೆ ಹೋಗಿ ಸ್ನಾನ ಮಾಡುವವರಿಗೆ ಆ ಸಾಲು ಬೇಕಾಗಿಯೇ ಇಲ್ಲ, ಅಲ್ವಾ?

ಅಮ್ಮನ ಆಪರೇಷನ್ ಸಮಯದಲ್ಲಿ ನಾನು ಆಸ್ಪತ್ರೆಯ ವರಾಂಡದಲ್ಲಿ ಒಂಬತ್ತು ದಿನ ಮಲಗಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಯಾರಿಗೂ ಹೇಳದ ಒಂದು ವಿಷಯ ಈಗ ಹೇಳುತ್ತೇನೆ. ಮೊದಲ ನಾಲ್ಕು ದಿನ ನನಗೆ ಸ್ನಾನ ಆಗಲಿಲ್ಲ. ಮೂರನೇ ದಿನ ಮುಟ್ಟಾಯಿತು. ಬಾತ್‌ರೂಮಿನ ಬಾಗಿಲಿಗೆ ಚಿಲಕ ಇರಲಿಲ್ಲ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪ್ಯಾಡ್ ಬದಲಾಯಿಸುತ್ತಿದ್ದೆ. ನಾಲ್ಕನೇ ದಿನ ಲಿಫ್ಟಿನಲ್ಲಿ ಒಬ್ಬರು ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟೇ. ಏನೂ ಅನ್ನಲಿಲ್ಲ. ನನಗೆ ಮನೆಯಿತ್ತು, ಕೆಲಸವಿತ್ತು, ಪರ್ಸಿನಲ್ಲಿ ದುಡ್ಡಿತ್ತು. ಆದರೂ ಆ ಒಂದು ಹೆಜ್ಜೆ ನನ್ನನ್ನು ಎಷ್ಟು ಕುಗ್ಗಿಸಿತು ಅಂದರೆ ಆಮೇಲೆ ಮೆಟ್ಟಿಲು ಹತ್ತಿಕೊಂಡೇ ಓಡಾಡಿದೆ. ಆ ಗೋಡೆಯ ಪಕ್ಕದವರಿಂದ ಜನ ದಿನಾ ಹಾಗೆಯೇ ಸರಿಯುತ್ತಾರೆ. ಸರಿದವರಲ್ಲಿ ನಾನೂ ಇದ್ದೇನೆ.

"ಅವರಿಗೆ ಕ್ಲೀನಾಗಿರಬೇಕು ಅಂತ ಮನಸ್ಸೇ ಇಲ್ಲ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೈಹೇನು ಅಂತ ಒಂದಿದೆ, ತಲೆಹೇನಲ್ಲ. ಅದು ಬದುಕುವುದು ಬಟ್ಟೆಯ ಹೊಲಿಗೆಯೊಳಗೆ, ರಕ್ತ ಹೀರಲು ಮಾತ್ರ ಮೈಗೆ ಬರುತ್ತದೆ. ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಆಗಾಗ ಬದಲಾಯಿಸುತ್ತಿದ್ದರೆ ಸಾಕು, ಹೊರಟುಹೋಗುತ್ತದೆ. ಆದರೆ ಇರುವುದೇ ಒಂದು ಜೊತೆ ಬಟ್ಟೆ ಅಂದರೆ, ಅದು ಒಣಗುವವರೆಗೆ ಏನು ಉಟ್ಟುಕೊಳ್ಳಬೇಕು? ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ ಜ್ವರವೊಂದು ಈ ಹೇನಿನಿಂದಲೇ ಹರಡುತ್ತಿತ್ತು. ಅದೇ ಜ್ವರ 1990ರ ದಶಕದಲ್ಲಿ ಅಮೆರಿಕದ ಸಿಯಾಟಲ್, ಫ್ರಾನ್ಸಿನ ಮಾರ್ಸೇಲ್ ಊರುಗಳಲ್ಲಿ ಮನೆಯಿಲ್ಲದವರಲ್ಲಿ ಮತ್ತೆ ಕಾಣಿಸಿಕೊಂಡಿತು. ಅಷ್ಟು ಶ್ರೀಮಂತ ದೇಶಗಳಲ್ಲಿ. ಒಗೆಯಲು ಜಾಗವಿಲ್ಲದೆ.

ಇನ್ನೊಂದು ಮಾತು ಸದಾ ಕೇಳಿಬರುತ್ತದೆ: "ಫ್ರೀಯಾಗಿ ಬಿಟ್ಟರೆ ಗಲೀಜು ಮಾಡುತ್ತಾರೆ, ಅಲ್ಲೇ ಬೀಡುಬಿಡುತ್ತಾರೆ." ಗಲೀಜಾಗುತ್ತದೆ, ಒಪ್ಪುತ್ತೇನೆ. ದಿನಕ್ಕೆ ನೂರಾರು ಜನ ಬಳಸುವ ಜಾಗ ತೊಳೆಯದೆ ಬಿಟ್ಟರೆ ಯಾರು ಬಳಸಿದರೂ ಗಲೀಜಾಗುತ್ತದೆ. ಅದಕ್ಕೆ ತೊಳೆಯುವವರನ್ನು ಇಡಬೇಕು, ಅವರಿಗೆ ಸರಿಯಾದ ಸಂಬಳ ಕೊಡಬೇಕು, ಬೀಗ ಹಾಕುವುದಲ್ಲ. ಬೀಗ ಹಾಕಿದರೆ ಏನಾಗುತ್ತದೆ ಅಂತ ಅಮೆರಿಕದ ಸ್ಯಾನ್ ಡಿಯಾಗೋ 2017ರಲ್ಲಿ ನೋಡಿತು. ಬೀದಿಯಲ್ಲಿದ್ದವರಿಗೆ ಶೌಚಾಲಯ, ಕೈತೊಳೆಯುವ ಜಾಗ ಸಾಲದೆ ಹೆಪಟೈಟಿಸ್ ಎ ಎಂಬ ಲಿವರ್ ರೋಗ ಹರಡಿ 20 ಜನ ಸತ್ತರು. ಆಮೇಲೆ ಬೀದಿಯಲ್ಲಿ ಕೈತೊಳೆಯುವ ನಲ್ಲಿಗಳನ್ನು ಇಟ್ಟರು, ರಸ್ತೆಗಳನ್ನು ಬ್ಲೀಚ್ ಹಾಕಿ ತೊಳೆದರು. ಮೊದಲೇ ಇಟ್ಟಿದ್ದರೆ?

ನೀರು, ನೈರ್ಮಲ್ಯ ಮನುಷ್ಯನ ಹಕ್ಕು ಅಂತ ವಿಶ್ವಸಂಸ್ಥೆ 2010ರಲ್ಲೇ ಹೇಳಿ ಆಗಿದೆ. ದಾನ ಅಂತಲ್ಲ, ಹಕ್ಕು ಅಂತ. ದಾನ ಅಂದುಕೊಂಡರೆ ನಾವು ನಮಗೆ ತೋಚಿದ್ದನ್ನು ಕೊಟ್ಟು ಫೋಟೋ ತೆಗೆದುಕೊಂಡು ಬರುತ್ತೇವೆ. ಹಕ್ಕು ಅಂದುಕೊಂಡರೆ ಮೊದಲು ಅವರನ್ನು ಕೇಳುತ್ತೇವೆ. ಕೇಳಿದರೆ ಬರುವ ಉತ್ತರವೇ ಬೇರೆ: ಹೊಸ ಒಳಬಟ್ಟೆ, ಕಾಲುಚೀಲ, ಉಗುರು ಕತ್ತರಿ, ಪ್ಯಾಡು, ಬಳಸಿದ ಪ್ಯಾಡ್ ಹಾಕಲು ಒಂದು ಮುಚ್ಚಿದ ಡಬ್ಬ, ಸ್ನಾನಕ್ಕೆ ಹೋದಾಗ ಗಂಟು ಇಟ್ಟು ಹೋಗಲು ಒಂದು ಜಾಗ. ಈ ಗಂಟಿನ ವಿಷಯ ನಮಗೆ ಯಾರಿಗೂ ಹೊಳೆಯುವುದೇ ಇಲ್ಲ ನೋಡಿ. ಇರುವುದೆಲ್ಲ ಆ ಗಂಟಿನಲ್ಲಿದೆ, ಬಿಟ್ಟು ಹೋದರೆ ಕಳ್ಳತನ, ಒಳಗೆ ತೆಗೆದುಕೊಂಡು ಹೋದರೆ ಒದ್ದೆ.

ಮನಸ್ಸು ಮಾಡಿದವರು ದಾರಿ ಕಂಡುಕೊಂಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಾವಾ ಮೇ ಎಂಬ ಸಂಸ್ಥೆ 2014ರಲ್ಲಿ ಹಳೇ ಸಿಟಿ ಬಸ್ಸನ್ನೇ ಬಿಸಿನೀರಿನ ಸ್ನಾನದ ಮನೆ ಮಾಡಿತು. ಅದೇ ವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇಬ್ಬರು ಗೆಳೆಯರು ಹಳೇ ವ್ಯಾನಿಗೆ ವಾಷಿಂಗ್ ಮಷೀನ್ ಕೂರಿಸಿ ಆರೆಂಜ್ ಸ್ಕೈ ಶುರುಮಾಡಿದರು. ನನಗೆ ಇಷ್ಟವಾದದ್ದು ಮಷೀನಿಗಿಂತ ಜಾಸ್ತಿ ಅವರು ವ್ಯಾನಿನ ಪಕ್ಕ ಹಾಕುವ ಕುರ್ಚಿಗಳು. ಬಟ್ಟೆ ಒಗೆದು ಒಣಗುವವರೆಗೆ ಕೂತು ಮಾತಾಡುತ್ತಾರೆ, ಏನು ಕಷ್ಟ ಅಂತಲ್ಲ, ಸುಮ್ನೆ ಹಾಗೇ.

ಸಂಜೆ ವಾಪಸ್ ಬರುವಾಗ ಆ ತಾಯಿಯ ಹತ್ತಿರ ಹೋಗಿ ಕೂತೆ. ಎಷ್ಟೋ ವರ್ಷದಲ್ಲಿ ಮೊದಲ ಸಲ. ಸೋಪು ಏನಾಯಿತು ಅಂತ ಕೇಳಿದೆ. ಗಂಟು ಬಿಚ್ಚಿ ತೋರಿಸಿದರು. ಒಂದು ಮಡಿಸಿದ ಸೀರೆ, ಅದರ ಮಡಿಕೆಯೊಳಗೆ ಸೋಪು. ಒಂದು ಹನಿ ನೀರೂ ತಾಗಿರಲಿಲ್ಲ. "ಬಟ್ಟೆಗೆ ವಾಸನೆಯಾದರೂ ಹತ್ತಲಿ ಅಂತ ಇಟ್ಟಿದ್ದೀನಿ ಕಣಮ್ಮಾ" ಅಂದರು.

ಶೌಚಾಲಯದವನನ್ನು ಕೇಳಿದೆ. ಪಕ್ಕದಲ್ಲಿ ಒಂದು ರೂಮು ಖಾಲಿ ಇದೆ, ನಲ್ಲಿಯೂ ಇದೆ, ಬಾಗಿಲಿಗೆ ಚಿಲಕ ಮಾತ್ರ ಇಲ್ಲ, ಮೇಲಿನವರು ಹೇಳಿದರೆ ಬಿಡುತ್ತೇನೆ ಅಂದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಮೇಲಿನವರ ಆಫೀಸಿಗೆ ಅರ್ಜಿ ಹಿಡಿದು ಹೋಗುತ್ತಿದ್ದೇನೆ. ಒಬ್ಬಳೇ ಹೋದರೆ ಕೂರಿಸಿ ಕಳಿಸುತ್ತಾರೆ. ಬರುವವರು ಇನ್‌ಬಾಕ್ಸಿನಲ್ಲಿ ಹೇಳಿ. ಚಿಲಕ ನಾನೇ ತರುತ್ತೇನೆ.